ಕೆಲಸ ಸಿಕ್ಕರೆ ಸಾಕಾ?

ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ನನ್ನ ಹತ್ತಿರ ಬಂದವನು ಇಪ್ಪತ್ತಾರರ ಹುಡುಗ. ಟಪೆಂಟಡಾಲ್ ಎಂಬ ನೋವಿನ ಮಾತ್ರೆಯ ಚಟ, ಅದನ್ನು ಚುಚ್ಚಿಕೊಳ್ಳುವವರೆಗೂ ಹೋಗಿತ್ತು. ಮೇಲೊಂದು ಮೊಬೈಲ್ ಕಳ್ಳತನದ ಕೇಸು. "ಎಲ್ಲಾದ್ರೂ ಕೆಲಸಕ್ಕೆ ಹಚ್ಚಿ, ತಾನಾಗೇ ಸರಿಹೋಗ್ತಾನೆ" ಎಂದರು ತಾಯಿ.

ಕೆಲಸಕ್ಕೆ ಆತ ಹಿಂದೆಯೂ ಸೇರಿದ್ದ, ಚೆನ್ನಾಗಿಯೇ ದುಡಿದಿದ್ದ. ಎಡವಿದ್ದು ಸಂಬಳದ ದಿನ. ಎಟಿಎಂನಿಂದ ಹೊರಗೆ ಬಂದಾಗ ಅಂಗೈ ಬೆವರುತ್ತಿತ್ತಂತೆ. ಹಳೇ ಗೆಳೆಯನ ನಂಬರ್ ಡಿಲೀಟ್ ಮಾಡಿದ್ದರೂ ಬೆರಳಿಗೆ ನೆನಪಿತ್ತು. ಕಳ್ಳತನ ಯಾಕೆ ಮಾಡಿದೆ ಎಂದು ಕೇಳಿದೆ. "ಮಾತ್ರೆ ಸಿಗದೆ ಮೈಕೈ ನೋವು ತಡೆಯೋಕೆ ಆಗ್ತಿರಲಿಲ್ಲ, ಕೈಯಲ್ಲಿ ದುಡ್ಡಿರಲಿಲ್ಲ" ಎಂದ.

ಅಮೆರಿಕದಲ್ಲಿ 1970ರ ದಶಕದಲ್ಲಿ ಚಟದಿಂದ ಹೊರಬರುತ್ತಿದ್ದವರಿಗೆ ಕೆಲಸ ಕೊಟ್ಟು ನೋಡಿದ ದೊಡ್ಡ ಪ್ರಯೋಗವೊಂದಿದೆ. ಕೆಲಸ ಸಿಕ್ಕವರಲ್ಲಿ ಅಪರಾಧ ಕಡಿಮೆಯಾಯಿತು. ಆದರೆ ಮಾದಕ ವಸ್ತುವಿನ ಬಳಕೆ ಹಾಗೆ ಇಳಿಯಲಿಲ್ಲ. ಈ ಹುಡುಗನಲ್ಲಿ ನಾನು ಕಂಡಿದ್ದೂ ಅದನ್ನೇ. ಕೆಲಸವಿದ್ದಷ್ಟು ದಿನ ಆತ ಯಾರ ಜೇಬಿಗೂ ಕೈ ಹಾಕಿರಲಿಲ್ಲ, ಮಾತ್ರೆಯನ್ನು ಮಾತ್ರ ಬಿಟ್ಟಿರಲಿಲ್ಲ.

ಹಾಗಾಗಿ ಮೊದಲು ಮನೋವೈದ್ಯರ ಹತ್ತಿರ ಕಳಿಸಿದೆ. ಅವರು ಚಟದ ಹಂಬಲ, ಮೈಕೈ ನೋವು ತಡೆಯುವ ಬುಪ್ರೆನಾರ್ಫಿನ್ ಎಂಬ ಔಷಧಿ ಶುರುಮಾಡಿದರು. "ಕೆಲಸ ಸಿಕ್ಕಿತಲ್ಲ, ಇನ್ನು ಔಷಧಿ ಯಾಕೆ ಅಂತ ನೀನೇ ನಿಲ್ಲಿಸಬೇಡ" ಎಂದು ಒತ್ತಿ ಹೇಳಿದೆ. ಚಟದ ಮಾತ್ರೆಯನ್ನು ಕೆಲವು ವಾರ ಬಿಟ್ಟಿದ್ದು ಹಳೇ ಅಳತೆಯಲ್ಲೇ ಮತ್ತೆ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು. ಇದನ್ನು ತಾಯಿಗೂ ಬಿಡಿಸಿ ಹೇಳಿದೆ.

ಸ್ವಲ್ಪ ಹದಕ್ಕೆ ಬಂದಮೇಲೆ ಗ್ಯಾರೇಜಿನಲ್ಲಿ ಅರ್ಧ ದಿನದ ಕೆಲಸ. ಬೆಳಗಿನ ಡೋಸ್ ಆದಮೇಲೇ ಶಿಫ್ಟ್. ಸಂಬಳ ಅವನ ಖಾತೆಗೇ, ಆದರೆ ಆ ಸಂಜೆ ಅಕ್ಕ ಜೊತೆಗಿರಬೇಕು. ಪೂರ್ತಿ ದುಡ್ಡನ್ನು ತಾಯಿ ಕಿತ್ತಿಟ್ಟುಕೊಂಡರೆ ದುಡಿದವನಿಗೆ ಅವಮಾನ ಅಲ್ವಾ? ಕೋರ್ಟಿನ ತಾರೀಖುಗಳನ್ನು ಮಾಲೀಕರಿಗೆ ಮುಂಚೆಯೇ ಹೇಳಿಸಿದೆ. ಹಿಂದೆ ಹೇಳದೆ ರಜೆ ಹಾಕಿಯೇ ಒಂದು ಕೆಲಸ ಕಳೆದುಕೊಂಡಿದ್ದ.

ಮೂರನೇ ತಿಂಗಳು ಮತ್ತೆ ಮಾತ್ರೆ ತೆಗೆದುಕೊಂಡ. ತಾಯಿ ಅಳುತ್ತಾ ಫೋನ್ ಮಾಡಿ, ಕೆಲಸ ಬಿಡಿಸಲಾ ಎಂದು ಕೇಳಿದರು. ಬೇಡವೇ ಬೇಡ, ಇವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಎಂದೆ. ಔಷಧಿಯ ಡೋಸ್ ಸಾಲದೆ ಹೋಗಿದ್ದು ಅಲ್ಲಿ ಗೊತ್ತಾಯಿತು, ಹೆಚ್ಚಿಸಿದರು. ಮರುದಿನ ಎಂದಿನಂತೆ ಗ್ಯಾರೇಜಿಗೆ ಹೋದ.

ನಿಮ್ಮ ಮನೆಯಲ್ಲೂ ಇಂಥ ತೊಂದರೆ ಇದ್ದರೆ ಮಾದಕ ಚಟ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446ಕ್ಕೆ ಕರೆ ಮಾಡಿ, ಉಚಿತ.