ಜನಿವಾರ ತೆಗೆದೆ, ಅಜ್ಜನ ಮಾತನ್ನೂ ಬಿಡಬಹುದೇ?

ಪ್ರಶ್ನೆ: ಅಕ್ಕಾ, ನನಗೆ 27 ವರ್ಷ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಅಡಿಕೆ ತೋಟ. ಮಂಗಳೂರಿನ ಕೆಲಸ ಬಿಟ್ಟು ಎರಡು ವರ್ಷದಿಂದ ಊರಲ್ಲೇ ಇದ್ದೇನೆ. ಅಡಿಕೆ ಸುಲಿಯಲು ಬರುವವರಿಗೆ ಅಂಗಳದಲ್ಲಿ ಬೇರೆ ಲೋಟ ಇಡುವುದನ್ನು ನೋಡಿ ನೋಡಿ ಸಾಕಾಗಿ ಕಳೆದ ವರ್ಷ ಜನಿವಾರ ತೆಗೆದೆ. ಈಗ ಎಲ್ಲರಿಗೂ ಒಂದೇ ಲೋಟ. ಅಪ್ಪ "ಇವತ್ತು ಜನಿವಾರ ತೆಗೆದವನು ನಾಳೆ ಯಾವುದಕ್ಕೂ ಹೇಸುವವನಲ್ಲ" ಅಂದರು. ಈಗ ಬಂದದ್ದು ಬೇರೆ ಸಮಸ್ಯೆ. ನಮ್ಮ ತೋಟದಲ್ಲಿ ಮೂವತ್ತು ವರ್ಷ ದುಡಿದ ಒಬ್ಬಳು ಕೆಲಸದವಳಿಗೆ ಅಜ್ಜ ಹತ್ತು ಸೆಂಟ್ಸ್ ಜಾಗ ಕೊಡುತ್ತೇನೆಂದು ಮಾತು ಕೊಟ್ಟಿದ್ದರು. ಕಾಗದ ಪತ್ರ ಇಲ್ಲ. ಅಜ್ಜ ಹೋಗಿ ಹನ್ನೊಂದು ವರ್ಷ. ಅವಳೀಗ ಮಗಳ ಮನೆಯಲ್ಲಿದ್ದಾಳೆ. ರಸ್ತೆ ಬದಿಯ ಆ ಜಾಗಕ್ಕೆ ಈಗ ಒಳ್ಳೆಯ ಬೆಲೆ ಬಂದಿದೆ, ತಂಗಿಯ ಮದುವೆಯೂ ಇದೆ. ಬೆಂಗಳೂರಿನ ದೊಡ್ಡಪ್ಪನ ಮಗ ಹೇಳುತ್ತಾನೆ: "ಸಂಪ್ರದಾಯವನ್ನೇ ಬಿಟ್ಟವನಿಗೆ ಅಜ್ಜನ ಮಾತು ಯಾಕೆ? ಪಾಪ, ಪುಣ್ಯ, ಕೊಟ್ಟ ಮಾತು ಎಲ್ಲ ಜನರನ್ನು ಹೆದರಿಸಲು ಮಾಡಿದ್ದು." ನನ್ನ ಹತ್ತಿರ ಉತ್ತರ ಇಲ್ಲ. ರಾತ್ರಿ ನಿದ್ದೆಯೂ ಇಲ್ಲ. ಅಪ್ಪ ಹೇಳಿದ್ದೇ ನಿಜವಾ?

ಉತ್ತರ: ಅಕ್ಕ ಅಂತ ಕರೆದೆ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ಅಪ್ಪ ಹೇಳಿದ್ದು ನಿಜವಲ್ಲ. ದೊಡ್ಡಪ್ಪನ ಮಗ ಹೇಳಿದ್ದೂ ನಿಜವಲ್ಲ. ಸ್ವಲ್ಪ ನೋಡು, ಇಬ್ಬರೂ ಒಂದೇ ಮಾತು ಹೇಳುತ್ತಿದ್ದಾರೆ. ಸಂಪ್ರದಾಯ ಹೋದರೆ ಒಳ್ಳೆಯದು ಕೆಟ್ಟದ್ದು ಎರಡೂ ಹೋಯಿತು ಅಂತ. ಅಪ್ಪನಿಗೆ ಅದು ಹೆದರಿಕೆ, ಅವನಿಗೆ ಅನುಕೂಲ.

ಜನಿವಾರ ಯಾಕೆ ತೆಗೆದೆ ಅಂತ ನೀನೇ ಬರೆದಿದ್ದೀಯಲ್ಲ. ನಿನ್ನ ಮನೆಗೆ ದುಡಿಯಲು ಬಂದವರಿಗೆ ಬೇರೆ ಲೋಟ ಇಡುವುದನ್ನು ನೋಡಲಾಗಲಿಲ್ಲ. ಅದು ಎಲ್ಲವನ್ನೂ ಬಿಟ್ಟವನಿಗೆ ಆಗುವ ಸಂಕಟವಲ್ಲ. ನ್ಯಾಯ ಬೇಕು ಅನ್ನಿಸಿದ್ದಕ್ಕೇ ಕಟ್ಟಳೆ ಬೇಡವಾಯಿತು. ಈಗ ಅದೇ ನ್ಯಾಯ ಹತ್ತು ಸೆಂಟ್ಸ್ ಜಾಗದ ರೂಪದಲ್ಲಿ ಬಂದು ಬಾಗಿಲು ತಟ್ಟುತ್ತಿದೆ, ನಿದ್ದೆ ಬಾರದ್ದು ಅದಕ್ಕೇ.

ನನ್ನದೇ ಒಂದು ಕತೆ ಹೇಳುತ್ತೇನೆ. ನಾನು ಬೆಳೆದದ್ದು ನೀರ್ಚಾಲಿನ ಕಡೆ. ಮುಟ್ಟಾದಾಗ ಮೂರು ದಿನ ಹೊರಗೆ ಕೂರಬೇಕು, ಬಾವಿಕಟ್ಟೆಗೆ ಹೋಗಬಾರದು, ತುಳಸಿ ಮುಟ್ಟಬಾರದು. ಹೈಸ್ಕೂಲಿನಲ್ಲಿದ್ದಾಗ ಪರೀಕ್ಷೆ ಸಮಯದಲ್ಲಿ ಹಾಗೆ ಕೂರಲಾಗದೆ ಅಮ್ಮನಿಗೆ ಸುಳ್ಳು ಹೇಳಲು ಶುರು ಮಾಡಿದೆ, ಆಗಿಲ್ಲ ಅಂತ. ವರ್ಷಗಟ್ಟಲೆ ಹೇಳಿದೆ. ಪ್ರತಿ ತಿಂಗಳೂ ಒಂದು ಸುಳ್ಳು, ಅದನ್ನು ಮುಚ್ಚಲು ಇನ್ನೊಂದು. ಕೊನೆಗೆ ಒಂದು ದಿನ, ಮದುವೆಗೆ ಮೊದಲು, "ಅಮ್ಮಾ, ನಾನು ಇನ್ನು ಇದನ್ನು ಮಾಡುವುದಿಲ್ಲ" ಅಂತ ಎದುರೇ ಹೇಳಿದೆ. ಅಮ್ಮ ಅತ್ತರು. ಇವಳು ಇನ್ನು ಯಾವುದಕ್ಕೂ ಹೆದರುವುದಿಲ್ಲ ಅಂದರು, ಥೇಟ್ ನಿನ್ನ ಅಪ್ಪನ ಹಾಗೆ. ಆದರೆ ಅಮ್ಮನಿಗೆ ಸುಳ್ಳು ಹೇಳುವುದನ್ನು ನಾನು ನಿಲ್ಲಿಸಿದ್ದು ಅದೇ ದಿನ. ಕಟ್ಟಳೆ ಇದ್ದಾಗ ನನ್ನಲ್ಲಿ ಸತ್ಯ ಇರಲಿಲ್ಲ.

ಪಯ್ಯನ್ನೂರಿನ ಆನಂದ ತೀರ್ಥರ ಹೆಸರು ಕೇಳಿದ್ದೀಯಾ? ತಲಶ್ಶೇರಿಯ ಗೌಡ ಸಾರಸ್ವತ ಬ್ರಾಹ್ಮಣ ಮನೆಯಲ್ಲಿ 1905ರಲ್ಲಿ ಹುಟ್ಟಿದವರು, ನಾರಾಯಣ ಗುರುಗಳ ಶಿಷ್ಯರಾದವರು. ಜಾತಿಯ ಕಟ್ಟಳೆ ಪೂರ್ತಿ ಬಿಟ್ಟರು. ಬಿಟ್ಟು ಸುಮ್ನೆ ಕೂತರಾ? 1931ರಲ್ಲಿ ಪಯ್ಯನ್ನೂರಿನಲ್ಲಿ ದಲಿತ ಮಕ್ಕಳಿಗಾಗಿ ಶ್ರೀನಾರಾಯಣ ವಿದ್ಯಾಲಯ ಕಟ್ಟಿದರು, ದಲಿತರನ್ನು ಕರೆದುಕೊಂಡು ಚಹಾ ಅಂಗಡಿಗಳೊಳಗೆ ಹೋದರು, ಪೆಟ್ಟು ತಿಂದರು, ಮತ್ತೆ ಹೋದರು. ಕಟ್ಟಳೆ ಬಿಟ್ಟ ಮೇಲೆ ಅವರ ಬದುಕಿನ ಶಿಸ್ತು ಜಾಸ್ತಿಯೇ ಆಯಿತು.

ಎಲ್ಲವೂ ಹೆದರಿಸಲು ಮಾಡಿದ್ದು ಅನ್ನುವವನಿಗೆ ನಮ್ಮ ಜಿಲ್ಲೆಯ ಗೇರು ತೋಟಗಳ ವಿಷಯ ಹೇಳು. ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಹಾಗೆ ಸುರಿಯುವುದು ಪಾಪ ಅಂತ ಯಾವ ಶಾಸ್ತ್ರದಲ್ಲಿ ಬರೆದಿತ್ತು? ಆದರೂ ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ ಕೋರ್ಟಿಗೆ ಹೋದರು, 1998ರಲ್ಲಿ ಸಿಂಪಡಣೆಗೆ ತಡೆ ತಂದರು. ಸುತ್ತಲಿನ ಜನ, ಜೇನು, ದನಕರು ಹೇಗಾಗುತ್ತಿವೆ ಅಂತ ಕಣ್ಣಿಟ್ಟು ನೋಡಿದರು, ಅಷ್ಟೇ. ತಪ್ಪು ಅಂತ ತಿಳಿಯಲು ಅವರಿಗೆ ಅಷ್ಟು ಸಾಕಾಯಿತು.

ನೀನೂ ಹಾಗೆ ನೋಡು. ಅಜ್ಜ ಹೇಳಿದ್ದಾರೆ ಎಂಬ ಕಾರಣಕ್ಕೆ ಮಾತು ಉಳಿಸಬೇಕಾಗಿಲ್ಲ. ಆ ಮಾತನ್ನು ನಂಬಿ ಒಬ್ಬ ಹೆಂಗಸು ತನ್ನ ಗಟ್ಟಿ ವಯಸ್ಸನ್ನು ನಿಮ್ಮ ತೋಟದಲ್ಲಿ ಕಳೆದರು. ಬೇರೆ ಕಡೆ ಹೋಗಬಹುದಿತ್ತು, ಹೋಗಲಿಲ್ಲ. ನಿಮ್ಮ ತೋಟ ಅದರ ಲಾಭ ತಿಂದಾಗಿದೆ. ಇನ್ನು ಬಾಕಿ ಇರುವುದು ಕೊಡುವುದು ಮಾತ್ರ. ಇದಕ್ಕೆ ಪಾಪದ ಹೆದರಿಕೆಯೂ ಬೇಡ, ಪುಣ್ಯದ ಆಸೆಯೂ ಬೇಡ. ಇದು ಸಾಲ.

ಇನ್ನೊಂದು ಮಾತು, ನೊಂದುಕೊಳ್ಳಬೇಡ. "ಒಬ್ಬಳು ಕೆಲಸದವಳು", "ಅವಳು" ಅಂತ ಬರೆದಿದ್ದೀಯ. ಆಕೆಗೆ ನಿನ್ನ ಅಮ್ಮನಿಗಿಂತ ಜಾಸ್ತಿ ವಯಸ್ಸಾಗಿರಬಹುದು. ಲೋಟ ಬದಲಾಯಿಸಿದ್ದೀಯ, ಏಕವಚನ ಇನ್ನೂ ಬಾಯಲ್ಲೇ ಉಳಿದಿದೆ. ಅದನ್ನೂ ತೆಗೆ.

ಈಗ ಕೆಲಸದ ಮಾತು. ಜಾಗ ಅಪ್ಪನ ಹೆಸರಿನಲ್ಲಿ ಇರಬೇಕು ಅಂದುಕೊಳ್ಳುತ್ತೇನೆ. ಹಾಗಿದ್ದರೆ ಅಪ್ಪ ಒಪ್ಪುವ ಮೊದಲು ಆ ಅಮ್ಮನಿಗೆ ಹೊಸದಾಗಿ ಆಸೆ ಹುಟ್ಟಿಸಬೇಡ. ಅಪ್ಪನ ಹತ್ತಿರ ಕೂತು ಮಾತಾಡು, ಊಟ ಆದ ಮೇಲೆ, ಬೇರೆ ಯಾರೂ ಇಲ್ಲದಾಗ. ಜನಿವಾರ ಹಾಕಿಕೊಂಡೇ ಹನ್ನೊಂದು ವರ್ಷ ಕೊಡಲಿಲ್ಲವಲ್ಲ ಅಂತ ಚುಚ್ಚಬೇಡ. ಆ ಮಾತು ನಿಜವೇ, ಆದರೆ ಅದನ್ನು ಹೇಳಿದರೆ ಜಗಳ ಆಗುತ್ತದೆ, ಜಾಗ ಹೋಗುತ್ತದೆ. "ಅಜ್ಜನ ಮಾತು ಬಾಕಿ ಇದೆ, ನನ್ನ ಪಾಲಿನಲ್ಲಿ ಕಳೆಯಿರಿ" ಅನ್ನು. ಸಂಪ್ರದಾಯ ಬಿಟ್ಟ ಮಗ ಹೀಗೆ ಕೇಳುತ್ತಾನೆ ಅಂತ ಅವರು ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ. ಕೊಟ್ಟ ಮಾತಿಗೆ ತಪ್ಪಬಾರದು ಅಂತ ನಿನಗೆ ಚಿಕ್ಕಂದಿನಲ್ಲಿ ಕಲಿಸಿದ್ದು ಬಹುಶಃ ಆ ಅಪ್ಪ, ಆ ಅಜ್ಜನೇ. ಆ ಪಾಠ ಒಳ್ಳೆಯದು, ಇಟ್ಟುಕೋ. ಲೋಟದ ಪಾಠ ಕೆಟ್ಟದ್ದು, ಬಿಟ್ಟದ್ದು ಸರಿಯಾಯಿತು. ಎರಡೂ ಒಂದೇ ಮನೆಯಲ್ಲಿ ಕಲಿತದ್ದು ಅಂತ ಎರಡನ್ನೂ ಒಟ್ಟಿಗೆ ಹಿಡಿಯಬೇಕಾಗಿಯೂ ಇಲ್ಲ, ಒಟ್ಟಿಗೆ ಎಸೆಯಬೇಕಾಗಿಯೂ ಇಲ್ಲ.

ಒಕ್ಕಲು ಕಾನೂನಿನಿಂದ ಧರ್ಮ ಕೆಟ್ಟಿತು ಎಂಬ ಮಾತನ್ನು ನಮ್ಮ ಮನೆಯಲ್ಲೂ ಕೇಳಿದ್ದೇನೆ. 1970ರ ಜನವರಿ 1ಕ್ಕೆ ಕೇರಳದಲ್ಲಿ ಒಕ್ಕಲು ಪದ್ಧತಿ ಹೋಯಿತಲ್ಲ, ಧಣಿಗಳ ಜಾಗದಲ್ಲಿ ಗುಡಿಸಲು ಹಾಕಿದ್ದ ಕುಡಿಕಿಡಪ್ಪಿನವರಿಗೆ ಪಂಚಾಯತಿನಲ್ಲಿ ಹತ್ತು ಸೆಂಟ್ಸ್ ತನಕ ಹಕ್ಕು ಬಂತು. ನಿನ್ನ ಅಜ್ಜನ ಬಾಯಲ್ಲಿ ಹತ್ತು ಎಂಬ ಲೆಕ್ಕ ಬಂದದ್ದೂ ಅಲ್ಲಿಂದಲೇ ಇರಬೇಕು. ಆ ಕಾನೂನಿನ ದೆಸೆಯಿಂದ ಎಷ್ಟೋ ಜನ ಸ್ವಂತ ಮನೆ ಕಟ್ಟಿ ಕೂತಿದ್ದಾರೆ, ನಮ್ಮ ಊರು ಮುಳುಗಲಿಲ್ಲ.

ತಂಗಿಯನ್ನೂ ಕೇಳು. ಮದುವೆ ಅವಳದು, ಆ ಹಣ ಎಲ್ಲಿಂದ ಬರುತ್ತದೆ ಅಂತ ಅವಳಿಗೆ ಗೊತ್ತಿರಬೇಕು. ಎರಡು ಪವನು ಚಿನ್ನ ಕಮ್ಮಿಯಾದರೂ ಪರವಾಗಿಲ್ಲ ಅಂತ ಅವಳೇ ಹೇಳಿಯಾಳು.

ಅಪ್ಪ ಒಪ್ಪಿದರೆ ತಡ ಮಾಡಬೇಡ. ಮತ್ತೊಂದು ಬಾಯಿ ಮಾತು ಬೇಡವೇ ಬೇಡ. ಜಾಗ ಅಳೆಸಿ, ರಿಜಿಸ್ಟರ್ ಮಾಡಿಸಿ, ವಿಲೇಜ್ ಆಫೀಸಿನಲ್ಲಿ ತೀರ್ವೆ (ಭೂಕಂದಾಯ) ರಶೀದಿ ಆ ಅಮ್ಮನ ಹೆಸರಿಗೆ ಆಗುವ ತನಕ ನೀನೇ ಓಡಾಡು. ಒಪ್ಪದಿದ್ದರೆ ನನಗೆ ಮತ್ತೆ ಬರೆ, ಆಗ ಏನು ಮಾಡಬಹುದು ಅಂತ ಇಬ್ಬರೂ ಕೂಡಿ ನೋಡೋಣ. ರಶೀದಿ ಕೊಡಲು ಹೋಗುವಾಗ ಒಬ್ಬನೇ ಹೋಗಬೇಡ, ಅಪ್ಪನನ್ನೂ ಕರೆದುಕೊಂಡು ಹೋಗು.