ನಿಲ್ಲಿಸಿದ ಕಾರಿನ ಚಾರ್ಜ್ ಎಲ್ಲಿ ಸೋರುತ್ತದೆ?

ಪ್ರಶ್ನೆ: ನಮ್ಮ ಎಲೆಕ್ಟ್ರಿಕ್ ಕಾರಿಗೆ ನಾಲ್ಕು ವರ್ಷವಾಗಿದೆ, ಅದರ ಬ್ಯಾಟರಿಯ ಸಾಮರ್ಥ್ಯ 30 ಯೂನಿಟ್. ಬೇಸಿಗೆಯಲ್ಲಿ ಅದನ್ನು ಮನೆಯಲ್ಲಿ ನಿಲ್ಲಿಸಿ 18 ದಿನ ಊರಿಗೆ ಹೋಗಿದ್ದೆವು. ಹೊರಡುವಾಗ ಶೇ 71 ಇದ್ದ ಚಾರ್ಜ್ ಶೇ 58ಕ್ಕೆ ಇಳಿದಿತ್ತು. ಮಗ ಫೋನಿನ ಆ್ಯಪ್‌ನಲ್ಲಿ ದಿನಕ್ಕೆ ಹಲವು ಸಲ ಅದನ್ನು ನೋಡುತ್ತಲೇ ಇದ್ದ. ಹಿಂತಿರುಗಿದಾಗ ರಿಮೋಟ್‌ನಿಂದ ಬಾಗಿಲೇ ತೆರೆಯಲಿಲ್ಲ. ಮೆಕ್ಯಾನಿಕ್ ಬಂದು ಜಂಪ್ ಕೊಟ್ಟ ಮೇಲೆಯೇ ಕಾರು ಚಾಲೂ ಆಯಿತು. ಹೊರಗಡೆ ಹಾಕಿಸಿದ ಡ್ಯಾಶ್‌ಕ್ಯಾಮ್ ಕೂಡ ಇದೆ. ದೊಡ್ಡ ಬ್ಯಾಟರಿಯೇ ಕೆಟ್ಟಿರಬಹುದೇ?
— ಓದುಗರೊಬ್ಬರು, ಮೈಸೂರು

ಉತ್ತರ: ದೊಡ್ಡ ಬ್ಯಾಟರಿಯ ಮೇಲೆ ಅನುಮಾನ ಪಡುವ ಮೊದಲು, ನೀವು ಹೇಳಿರುವುದು ಎರಡು ಬೇರೆ ಬ್ಯಾಟರಿಗಳ ಸಂಗತಿ ಎಂಬುದನ್ನು ಗಮನಿಸಬೇಕು. ಚಾರ್ಜ್ ಶೇ 58ಕ್ಕೆ ಇಳಿದದ್ದು ಕಾರನ್ನು ಓಡಿಸುವ ಲಿಥಿಯಂ ಬ್ಯಾಟರಿಯಲ್ಲಿ. ಬಾಗಿಲು ತೆರೆಯದಿದ್ದುದಕ್ಕೆ ಕಾರಣ, ಬೀಗ, ದೀಪ, ಪರದೆ ಮತ್ತು ಕಂಪ್ಯೂಟರ್‌ಗಳನ್ನು ನಡೆಸುವ 12 ವೋಲ್ಟ್‌ನ ಸಣ್ಣ ಬ್ಯಾಟರಿ. ಕಾರನ್ನು ಆಫ್ ಮಾಡಿದಾಗ ದೊಡ್ಡ ಬ್ಯಾಟರಿಯನ್ನು ಕಾಂಟ್ಯಾಕ್ಟರ್ ಎಂಬ ರಿಲೇಗಳು ಉಳಿದ ವ್ಯವಸ್ಥೆಯಿಂದ ಕಡಿದು ಹಾಕುತ್ತವೆ. ಅವುಗಳನ್ನು ಮತ್ತೆ ಕೂಡಿಸುವುದಕ್ಕೂ 12 ವೋಲ್ಟ್ ಬೇಕಾಗುವುದರಿಂದ, ಅರ್ಧಕ್ಕಿಂತ ಹೆಚ್ಚು ಚಾರ್ಜ್ ಇದ್ದರೂ ಕಾರು ಅಲುಗಾಡದೆ ಕೂರುತ್ತದೆ.

ಈಗ ಲೆಕ್ಕ ಹಾಕೋಣ. 30 ಯೂನಿಟ್‌ನಲ್ಲಿ ಶೇ 13 ಎಂದರೆ 3.9 ಯೂನಿಟ್. ಅದನ್ನು 18 ದಿನಗಳಿಗೆ ಹಂಚಿದರೆ ದಿನಕ್ಕೆ ಸುಮಾರು 0.22 ಯೂನಿಟ್, ಅಂದರೆ ಹಗಲೂ ರಾತ್ರಿ ಉರಿಯುವ 9 ವ್ಯಾಟ್‌ನ ಒಂದು ಎಲ್‌ಇಡಿ ಬಲ್ಬಿನಷ್ಟು. ಸುಸ್ಥಿತಿಯ ಲಿಥಿಯಂ ಸೆಲ್‌ಗಳು ತಾವಾಗಿಯೇ ಕಳೆದುಕೊಳ್ಳುವುದು ತಿಂಗಳಿಗೆ ಶೇ 2–3ರ ಆಸುಪಾಸು ಮಾತ್ರ. ಪರದೆಯ ಮೇಲಿನ ಶೇಕಡಾವಾರು ಅಂಕಿ ಸಹ ಒಂದು ಅಂದಾಜೇ ಹೊರತು ನೇರ ಅಳತೆಯಲ್ಲ. ಅದರಲ್ಲೂ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಎಂಬ ಬಗೆಯ ಲಿಥಿಯಂ ಬ್ಯಾಟರಿಗಳಲ್ಲಿ ಚಾರ್ಜ್ ಇಳಿದರೂ ವೋಲ್ಟೇಜ್ ಅಷ್ಟಾಗಿ ಬದಲಾಗದ ಕಾರಣ ಒಂದೆರಡು ಅಂಕಗಳ ಏರುಪೇರಿಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ 13 ಅಂಕ ಆ ಲೆಕ್ಕಕ್ಕೆ ಸೇರುವುದಿಲ್ಲ. ಕಾರು ಆಗಾಗ ಎಚ್ಚರಗೊಂಡು ದೊಡ್ಡ ಬ್ಯಾಟರಿಯಿಂದ ಸಣ್ಣದಕ್ಕೆ ವಿದ್ಯುತ್ ತುಂಬಿದೆ, ಆ ವಿದ್ಯುತ್ತನ್ನು ಯಾವುದೋ ಉಪಕರಣ ಖರ್ಚು ಮಾಡಿದೆ ಎಂದೇ ತಿಳಿಯಬೇಕು.

ಸಂಶಯಕ್ಕೆ ಒಳಗಾಗುವವು ಮೂರು. ಆ್ಯಪ್ ತೆರೆದು ಹೊಸ ಮಾಹಿತಿ ಕೇಳಿದಾಗ ಹಲವು ಕಾರುಗಳಲ್ಲಿ ಕಂಪ್ಯೂಟರ್‌ಗಳು ಎಚ್ಚರಗೊಳ್ಳುತ್ತವೆ. ಹಾಗೆ ಎಚ್ಚರವಿರುವ ಕಾರು 200 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಂಡರೆ, ದಿನಕ್ಕೆ ಒಟ್ಟು ಒಂದು ಗಂಟೆ ಎಚ್ಚರವಿದ್ದರೂ ಮೇಲಿನ ಲೆಕ್ಕ ಹೆಚ್ಚುಕಡಿಮೆ ತಾಳೆಯಾಗುತ್ತದೆ. ಚಾರ್ಜ್ ಇಳಿಯುತ್ತಿದೆಯೇ ಎಂದು ಮತ್ತೆ ಮತ್ತೆ ನೋಡುವುದೇ ಅದನ್ನು ಇಳಿಸುತ್ತಿರಬಹುದು ಎಂದು ನಿಮ್ಮ ಮಗನಿಗೆ ಹೇಳಿ. ಎರಡನೆಯದು ಡ್ಯಾಶ್‌ಕ್ಯಾಮ್: ಪಾರ್ಕಿಂಗ್ ಮೋಡ್‌ನಲ್ಲಿ 0.3 ಆಂಪಿಯರ್ ಎಳೆದರೂ ದಿನಕ್ಕೆ 7 ಆಂಪಿಯರ್-ಅವರ್‌ಗೂ ಮಿಕ್ಕಿ ಹೋಗುತ್ತದೆ. 12 ವೋಲ್ಟ್ ಬ್ಯಾಟರಿಯ ಸಾಮರ್ಥ್ಯ 40ರ ಆಸುಪಾಸಿನದಾದರೆ ವಾರದೊಳಗೇ ಅದು ಬರಿದು. ಮೂರನೆಯದು, ನನ್ನ ಮಟ್ಟಿಗೆ ಮುಖ್ಯವಾದದ್ದು, ಆ ಸಣ್ಣ ಬ್ಯಾಟರಿಯೇ. ನಮ್ಮ ಸೆಕೆಗೆ ನಾಲ್ಕು ವರ್ಷ ತಾಳಿದ ಲೆಡ್-ಆ್ಯಸಿಡ್ ಬ್ಯಾಟರಿ ತುಂಬಿದ್ದನ್ನು ಹಿಡಿದಿಟ್ಟುಕೊಳ್ಳದೆ ಹೋಗಬಹುದು. ಆಗ ಕಾರು ಪದೇ ಪದೇ ಎದ್ದು ತುಂಬಿಸಬೇಕಾಗುತ್ತದೆ, ದೊಡ್ಡ ಬ್ಯಾಟರಿಯ ಅಂಕಿಯೂ ಇಳಿಯುತ್ತದೆ. ನಿಮ್ಮ ಎರಡೂ ತೊಂದರೆಗಳಿಗೆ ಒಂದೇ ಬೇರು ಇರುವುದಾದರೆ ಅದು ಇಲ್ಲಿಯೇ.

ಆದ್ದರಿಂದ ಮೊದಲು ಬ್ಯಾಟರಿ ಅಂಗಡಿಯಲ್ಲಿ ಆ ಸಣ್ಣ ಬ್ಯಾಟರಿಯ ಲೋಡ್ ಟೆಸ್ಟ್ (ಹೊರೆ ಹಾಕಿದಾಗ ವೋಲ್ಟೇಜ್ ನಿಲ್ಲುತ್ತದೆಯೇ ಎಂಬ ಪರೀಕ್ಷೆ) ಮಾಡಿಸಿ. ಮನೆಯಲ್ಲಿ ನೋಡುವುದಾದರೆ, ಬಾನೆಟ್ ತೆರೆದರೂ ಕಾರು ಎಚ್ಚರಗೊಳ್ಳಬಹುದಾದ್ದರಿಂದ ಅದನ್ನು ಮೊದಲೇ ತೆರೆದಿಟ್ಟು, ಬೀಗ ಹಾಕಿ, ಕೀಲಿಯನ್ನು ದೂರವಿರಿಸಿ, ಒಂದೆರಡು ಗಂಟೆ ಕಳೆದ ಮೇಲೆ ಮಲ್ಟಿಮೀಟರ್ ಹಿಡಿಯಿರಿ. 12.6 ವೋಲ್ಟ್ ತೋರಿಸಿದರೆ ಬ್ಯಾಟರಿ ತುಂಬಿದೆ, 12.2 ಎಂದರೆ ಅರ್ಧದಷ್ಟು ಎಂದು ತಿಳಿಯಿರಿ. ಆಗಲೂ 13.5ರಿಂದ 14.5 ತೋರಿಸುತ್ತಿದ್ದರೆ ಕಾರು ಬ್ಯಾಟರಿಗೆ ವಿದ್ಯುತ್ ತುಂಬುತ್ತಿದೆ ಎಂದರ್ಥ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮತ್ತೆ ನೋಡಿದಾಗಲೂ ಅಷ್ಟೇ ಇದ್ದರೆ ಕಾರು ನಿದ್ದೆಗೆ ಜಾರುತ್ತಲೇ ಇಲ್ಲ.

ಎಷ್ಟು ಕರೆಂಟ್ ಹೋಗುತ್ತಿದೆ ಎಂದು ತಿಳಿಯಲು ನೆಗೆಟಿವ್ ಕೇಬಲ್‌ಗೆ ಡಿಸಿ ಮಿಲಿಆಂಪಿಯರ್ ಅಳೆಯುವ ಕ್ಲಾಂಪ್ ಮೀಟರ್ ಹಾಕಿಸಿ. ಮನೆಯ ವೈರಿಂಗ್ ಮಾಡುವವರ ಬಳಿ ಸಾಮಾನ್ಯವಾಗಿ ಇರುವುದು ಎಸಿ ಕ್ಲಾಂಪ್. ಅದು ಇಲ್ಲಿ ಕೆಲಸಕ್ಕೆ ಬಾರದು. ನಿದ್ದೆಯಲ್ಲಿರುವ ಕಾರು ಸಾಧಾರಣವಾಗಿ 20ರಿಂದ 50 ಮಿಲಿಆಂಪಿಯರ್ ಎಳೆಯುತ್ತದೆ. 300 ತೋರಿಸುತ್ತಿದ್ದು, ಡ್ಯಾಶ್‌ಕ್ಯಾಮಿನ ಫ್ಯೂಸ್ ಕಿತ್ತೊಡನೆ ಇಳಿದರೆ ಕಳ್ಳ ಸಿಕ್ಕಂತೆ. ಮೀಟರ್ ಇಲ್ಲದಿದ್ದರೆ ಮೂರು ದಿನ ಎಲ್ಲರ ಫೋನಿನಲ್ಲೂ ಆ್ಯಪ್‌ನಿಂದ ಲಾಗ್ ಔಟ್ ಆಗಿ, ಮುಂದಿನ ಮೂರು ದಿನ ಡ್ಯಾಶ್‌ಕ್ಯಾಮ್ ಕಳಚಿ, ಕಾರಿನ ಪರದೆಯಲ್ಲಿಯೇ ಅಂಕಿ ನೋಡಿ ಬರೆದಿಡಿ. ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಗುಣವಾಯಿತು ಎಂದು ತಿಳಿಯುವುದಿಲ್ಲ.

ಇಷ್ಟಾದ ಮೇಲೂ ಸೋರಿಕೆ ನಿಲ್ಲದಿದ್ದರೆ ಆ ಟಿಪ್ಪಣಿಯೊಂದಿಗೆ ಸರ್ವಿಸ್ ಸೆಂಟರ್‌ಗೆ ಹೋಗಿ, ಯಾವ ಮಾಡ್ಯೂಲ್ (ಕಾರಿನೊಳಗಿನ ಕಂಪ್ಯೂಟರ್ ಘಟಕ) ನಿದ್ದೆಗೆ ಹೋಗುತ್ತಿಲ್ಲ ಎಂದು ನೋಡಿ ಲಿಖಿತ ವರದಿ ಕೊಡುವಂತೆ ಕೇಳಿ. ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ಮಾತ್ರ ನೀವಾಗಲಿ, ಬೀದಿ ಬದಿಯ ಮೆಕ್ಯಾನಿಕ್ ಆಗಲಿ ಮುಟ್ಟಕೂಡದು. ಅವುಗಳಲ್ಲಿ ಇರುವುದು ನೂರಾರು ವೋಲ್ಟ್.

ಪ್ರಶ್ನೆ: ಎರಡು ತಿಂಗಳು ವಿದೇಶದಲ್ಲಿರುತ್ತೇವೆ. ಕಾರನ್ನು ಚಾರ್ಜರ್‌ಗೆ ಸಿಕ್ಕಿಸಿಯೇ ಹೋದರೆ ಸಾಕಲ್ಲವೇ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಸಾಕಾಗದಿರಬಹುದು. ದೊಡ್ಡ ಬ್ಯಾಟರಿ ತುಂಬಿದ ಮೇಲೆ ಕೆಲವು ಕಾರುಗಳು ಪ್ಲಗ್ ಇದ್ದರೂ ಸಣ್ಣದಕ್ಕೆ ವಿದ್ಯುತ್ ಕೊಡುವುದಿಲ್ಲ. ಜೊತೆಗೆ, ಲಿಥಿಯಂ ಬ್ಯಾಟರಿಯನ್ನು ಸೆಕೆಯಲ್ಲಿ ಪೂರ್ತಿ ತುಂಬಿ ತಿಂಗಳುಗಟ್ಟಲೆ ಇಡುವುದು ಅದರ ಆಯುಸ್ಸಿಗೆ ಒಳ್ಳೆಯದಲ್ಲ. ಅರ್ಧದಷ್ಟು ಚಾರ್ಜ್ ಇರಿಸಿ, ನಿಮ್ಮ ಕಾರಿನ ಕೈಪಿಡಿ ಒಪ್ಪುವುದಾದರೆ 12 ವೋಲ್ಟ್ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಕಳಚಿಡಿ. ಕಳಚುವ ಮೊದಲು, ರಿಮೋಟ್‌ನೊಳಗೆ ಅಡಗಿರುವ ಲೋಹದ ಕೀಲಿಯಿಂದ ಬಾಗಿಲು ನಿಜಕ್ಕೂ ತೆರೆಯುತ್ತದೆಯೇ ಎಂದು ಒಮ್ಮೆ ಪರೀಕ್ಷಿಸಿ.