ಅಮೆರಿಕದ ಟಿವಿ ನ್ಯೂಸ್‌ನಲ್ಲಿ ಮೊದಲ ಮಹಿಳಾ ಆಂಕರ್ ಯಾರು, ಅವರ ಕರಿಯರ್ ಹೇಗಿತ್ತು?

ಸಾಮಾನ್ಯವಾಗಿ ಹೇಳೋ ಹೆಸರು ಡೊರೊಥಿ ಫುಲ್ಡ್‌ಹೈಮ್, ಒಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್‌ನ ಲೋಕಲ್ ಚಾನೆಲ್ ಡಬ್ಲ್ಯೂಇಡಬ್ಲ್ಯೂಎಸ್‌ನಲ್ಲಿದ್ರು. ಮಜಾ ಏನಂದ್ರೆ 1947ರಲ್ಲಿ ಆ ಸ್ಟೇಷನ್ ಸೇರಿದಾಗ್ಲೇ ಅವರಿಗೆ 54 ವಯಸ್ಸು, ನಮ್ಮಲ್ಲಾದ್ರೆ ಪೆನ್ಷನ್ ಲೆಕ್ಕ ಹಾಕೋ ಟೈಮು! ಅದಕ್ಕೂ ಮುಂಚೆ ಟೀಚರ್, ನಾಟಕದ ನಟಿ, ಊರೂರು ಸುತ್ತಿ ಭಾಷಣ ಮಾಡೋರು, ರೇಡಿಯೋ ಕಾಮೆಂಟೇಟರ್ ಎಲ್ಲಾ ಆಗಿದ್ರು. ಬರೀ ಸುದ್ದಿ ಓದಿ ಎದ್ದು ಹೋಗೋರಲ್ಲ, ಕೆಂಪು ಕೂದಲಿನ ಈ ಅಜ್ಜಿ ತಮಗನ್ಸಿದ್ದನ್ನ ಮುಖಕ್ಕೆ ಹೊಡೆದ ಹಾಗೆ ಹೇಳ್ತಿದ್ರು, 1970ರಲ್ಲಿ ಜೆರ್ರಿ ರೂಬಿನ್ ಅನ್ನೋ ಯುವ ಹೋರಾಟಗಾರನ ಮಾತು ಸಹಿಸಕ್ಕಾಗ್ದೆ ಇಂಟರ್‌ವ್ಯೂ ಅರ್ಧಕ್ಕೇ ನಿಲ್ಸಿ ಸೆಟ್‌ನಿಂದ ಆಚೆ ಕಳಿಸಿದ್ರು (ನನಗೆ ತುಂಬಾ ಇಷ್ಟವಾದ ಕಥೆ ಇದು). 1984ರಲ್ಲಿ ಸ್ಟ್ರೋಕ್ ಆಗೋವರೆಗೂ, ಅಂದ್ರೆ 91 ವಯಸ್ಸಲ್ಲೂ, ಅದೇ ಚಾನೆಲ್‌ನಲ್ಲಿ ಕೆಲಸ ಮಾಡ್ತಾನೇ ಇದ್ರು. 1989ರಲ್ಲಿ ತೀರ್ಕೊಂಡ್ರು.